ಕ್ಯಾಂಪರ್ ಟ್ರೈಲರ್‌ಗೆ ಎಷ್ಟು ವ್ಯಾಟ್ ಸೋಲಾರ್, ಎಂಥ ಬ್ಯಾಟರಿ ಹಾಕಿಸಬೇಕು?

ನೀವು ಕೇಳಿರುವುದು ಇಷ್ಟು: ಎಸ್‌ಯುವಿ ಹಿಂದೆ ಎಳೆಯುವ ಚಿಕ್ಕ ಟ್ರೈಲರ್ ಮಾಡಿಸುತ್ತಿದ್ದೀರಿ. ಇರುವವರು ಇಬ್ಬರು. 12 ವೋಲ್ಟ್ ಫ್ರಿಡ್ಜ್, ಫ್ಯಾನ್, ಲೈಟು, ಒಂದು ಲ್ಯಾಪ್‌ಟಾಪ್. ಎಲ್ಲೂ ಪ್ಲಗ್ ಹಾಕದೆ ಎರಡು ರಾತ್ರಿ ಕಳೆಯಬೇಕು, ಜಾಸ್ತಿ ಹೋಗುವುದು ಮಲೆನಾಡಿನ ಕಡೆ. ಇದಕ್ಕೆ 540 ವ್ಯಾಟ್‌ನ ಒಂದು ಪ್ಯಾನೆಲ್ ಮತ್ತು ಮನೆಯ ಯುಪಿಎಸ್‌ನ 150 ಎಎಚ್ (ಆಂಪ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿ ಸಾಕಾ?

ಆ ಬ್ಯಾಟರಿ ಬೇಡ. ಪ್ಯಾನೆಲ್‌ನ ವ್ಯಾಟ್ ಸಾಕು, ಆ ಸೈಜ್ ಬೇಡ. ನೀವು ಕೇಳದೇ ಬಿಟ್ಟಿರುವ ಇನ್ನೊಂದು ವಸ್ತು ಇದೆ, ಓಡುವ ಗಾಡಿಯಿಂದ ಟ್ರೈಲರ್ ಬ್ಯಾಟರಿ ತುಂಬುವ ಡಿಸಿ-ಡಿಸಿ ಚಾರ್ಜರ್. ಮಲೆನಾಡಿಗೆ ಹೋಗುವವರಿಗೆ ಪ್ಯಾನೆಲ್‌ಗಿಂತ ಅದೇ ಮುಖ್ಯ ಅನ್ನುವವನು ನಾನು. ನಾನೂ ಇಂಥದ್ದೇ ಒಂದು ಟ್ರೈಲರ್ ಎಳೆದುಕೊಂಡು ಓಡಾಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಲೆಕ್ಕವನ್ನು ಫ್ರಿಡ್ಜ್‌ನಿಂದ ಶುರು ಮಾಡಿ. ಉಳಿದದ್ದೆಲ್ಲ ಚಿಲ್ಲರೆ. 40 ಲೀಟರ್‌ನ ಕಂಪ್ರೆಸರ್ ಫ್ರಿಡ್ಜ್ ಓಡುವಾಗ 50 ವ್ಯಾಟ್ ಆಸುಪಾಸು ಎಳೆಯುತ್ತದೆ. ಒಳಗೆ ತಣ್ಣಗಾದ ಮೇಲೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ನಮ್ಮ ಸೆಕೆಗೆ ದಿನದಲ್ಲಿ ಶೇ 40ರಷ್ಟು ಹೊತ್ತು ಓಡುತ್ತದೆ ಅಂದುಕೊಂಡರೆ 480 ವ್ಯಾಟ್-ಅವರ್. 20 ವ್ಯಾಟ್‌ನ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೆ 160. ಲ್ಯಾಪ್‌ಟಾಪ್ 3 ಗಂಟೆಗೆ 180. ಲೈಟು, ಫೋನು, ನೀರಿನ ಪಂಪು ಎಲ್ಲ ಸೇರಿ 100. ಒಟ್ಟು 920. ವೈರು, ಚಾರ್ಜರ್‌ಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಜಾಸ್ತಿ. ಕರೆಂಟ್ ಬಿಲ್‌ನಲ್ಲಿ ಬರುತ್ತದಲ್ಲ, ಅದೇ ಯೂನಿಟ್, ಅಂದರೆ 1000 ವ್ಯಾಟ್-ಅವರ್.

ಈ ಲೆಕ್ಕದಲ್ಲಿ ಇಂಡಕ್ಷನ್ ಒಲೆ ಇಲ್ಲ, ಗಮನಿಸಿದ್ರಲ್ಲ? ಬೇಕು ಅನ್ನಿಸಿದರೂ ತರಬೇಡಿ. 2000 ವ್ಯಾಟ್ ಅಂದರೆ 12 ವೋಲ್ಟ್ ಬ್ಯಾಟರಿಯಿಂದ 160 ಆಂಪ್ ಮೇಲೆ ಎಳೆಯಬೇಕು. ಅದೊಂದಕ್ಕಾಗಿ ಬ್ಯಾಟರಿ, ಇನ್ವರ್ಟರ್, ವೈರು ಎಲ್ಲವೂ ದೊಡ್ಡದಾಗುತ್ತವೆ. 5 ಕೆಜಿ ಸಿಲಿಂಡರ್ ಇಟ್ಟುಕೊಳ್ಳಿ, ಹೊರಗೆ ಕೂತು ಅಡುಗೆ ಮಾಡಿ. ಮಿಕ್ಸಿ ಬೇಕಾದರೆ ಇರಲಿ. 750 ವ್ಯಾಟ್ ಆದರೂ ಮೂರು ನಿಮಿಷದ ಚಟ್ನಿಗೆ ಖರ್ಚಾಗುವುದು 40 ವ್ಯಾಟ್-ಅವರ್ ಒಳಗೆ. ಆದರೆ ಚಟ್ನಿ ಆದ ಕೂಡಲೇ ಇನ್ವರ್ಟರ್ ಆಫ್ ಮಾಡಿ. ಸುಮ್ನೆ ಆನ್ ಇದ್ದರೂ ಅದು 10 ವ್ಯಾಟ್ ತಿನ್ನುತ್ತಿದ್ದರೆ, ದಿನಕ್ಕೆ 240 ವ್ಯಾಟ್-ಅವರ್ ಹೋಯಿತು. ಫ್ರಿಡ್ಜ್‌ನ ಖರ್ಚಿನ ಅರ್ಧ! ಫೋನು, ಲ್ಯಾಪ್‌ಟಾಪ್‌ಗೆ 12 ವೋಲ್ಟ್‌ನ ಕಾರ್ ಚಾರ್ಜರ್‌ಗಳೇ ಸಾಕು.

ಇನ್ನು ಬ್ಯಾಟರಿ. ಯುಪಿಎಸ್‌ನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ (12 ವೋಲ್ಟ್ × 150) 1800 ವ್ಯಾಟ್-ಅವರ್ ಇದೆ. ಬಾಳಿಕೆ ಬರಬೇಕು ಅಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಕೈಗೆ ಸಿಗುವುದು 900, ಒಂದು ದಿನಕ್ಕೂ ಸಾಲದು. ತೂಕ 50 ಕೆಜಿ ಮೇಲೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಆಸಿಡ್ ಚೆಲ್ಲುತ್ತದೆ. ಅದನ್ನು ತಲೆಯ ಪಕ್ಕ ಇಟ್ಟುಕೊಂಡು ಮಲಗುವುದು ಬೇಡ ಅಲ್ವಾ?

ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ. ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. 12.8 ವೋಲ್ಟ್, 100 ಎಎಚ್ ಅಂದರೆ 1280 ವ್ಯಾಟ್-ಅವರ್, ಅದರಲ್ಲಿ ಶೇ 80ರಿಂದ 90 ಧೈರ್ಯವಾಗಿ ಬಳಸಬಹುದು. ಅಂದರೆ 100 ಎಎಚ್‌ಗೆ ಒಂದು ದಿನ. ನಿಮಗೆ ಎರಡು ರಾತ್ರಿ ಬೇಕು, 200 ಎಎಚ್ ಹಾಕಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನ್‌ನಲ್ಲೋ ಹೆಸರಿಲ್ಲದ ಪ್ಯಾಕ್ ಅಗ್ಗಕ್ಕೆ ಸಿಕ್ಕರೆ ಮೊದಲು ತಕ್ಕಡಿಗೆ ಹಾಕಿ. 100 ಎಎಚ್‌ನ ನಾಲ್ಕು ಸೆಲ್‌ಗಳೇ ಸುಮಾರು 8 ಕೆಜಿ ಬರುತ್ತವೆ, ಡಬ್ಬಿ ಸೇರಿ 10 ಕೆಜಿ ದಾಟಬೇಕು. ಏಳು ಕೆಜಿ ತೂಗುವ ಪ್ಯಾಕ್ ಮೇಲೆ 100 ಅಂತ ಸ್ಟಿಕ್ಕರ್ ಇದ್ದರೆ ನಂಬಬೇಡಿ. ಇನ್ನೊಂದು ವಿಷಯ, ಇದರ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ತುಂಬಿದಾಗಲೂ ಅರ್ಧ ಇದ್ದಾಗಲೂ ಹೆಚ್ಚು ಕಡಿಮೆ ಒಂದೇ ತೋರಿಸುತ್ತದೆ. ಶಂಟ್ (ಹರಿಯುವ ಕರೆಂಟ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ, ಒಳಹೋದದ್ದು ಹೊರಬಂದದ್ದು ಎಲ್ಲ ಅದು ಎಣಿಸಿಡುತ್ತದೆ.

ಈ ಲಿಥಿಯಂ ಬ್ಯಾಟರಿಗಳಿಗೆ ವಿಪರೀತ ಸೆಕೆಯೂ ಆಗದು, ವಿಪರೀತ ಚಳಿಯೂ ಆಗದು. ಏಪ್ರಿಲ್‌ನ ರಾಯಚೂರು, ಕಲಬುರಗಿ ಬಿಸಿಲಲ್ಲಿ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಚಾರ್ಜಿಂಗ್ ನಿಲ್ಲಿಸಿಬಿಡಬಹುದು. ಗಾಳಿಯಾಡುವ ಜಾಗ ಕೊಡಿ. ಲಡಾಖ್ ಕನಸಿದ್ದರೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅನ್ನುವುದು ನೆನಪಿರಲಿ. ಜಾಗ ಅಂದಾಗ ಹೇಳಿಬಿಡುತ್ತೇನೆ, ಬ್ಯಾಟರಿಯನ್ನು ತಳದಲ್ಲಿ, ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಕೂರಿಸಿ. ಹಿಂಭಾಗದಲ್ಲಿ ಭಾರ ಜಾಸ್ತಿಯಾದರೆ ಹೈವೇಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ.

ಈಗ ಪ್ಯಾನೆಲ್. ನೀವು ನೋಡಿರುವ 540 ವ್ಯಾಟ್‌ನದ್ದು ಏಳೂವರೆ ಅಡಿ ಉದ್ದ, ನಾಲ್ಕು ಅಡಿಗೆ ಹತ್ತಿರ ಅಗಲ, 28 ಕೆಜಿ ಆಸುಪಾಸು. ಮನೆ ತಾರಸಿಗೆ ಚೆನ್ನ. ಟ್ರೈಲರ್‌ಗೆ 200 ವ್ಯಾಟ್‌ನ ಎರಡು ಹಾಕಿ, ಪ್ಯಾರಲಲ್ ಆಗಿ ಜೋಡಿಸಿ. ಆಗ ಒಂದರ ಮೇಲೆ ನೆರಳು ಬಿದ್ದರೂ ಇನ್ನೊಂದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಸಾಮಾನ್ಯ ಪ್ಯಾನೆಲ್ ಒಳಗೆ ಸೆಲ್‌ಗಳು ಮೂರು ಗುಂಪಾಗಿ, ಒಂದರ ಹಿಂದೆ ಒಂದು ಇರುತ್ತವೆ. ಒಂದು ಕೊಂಬೆಯ ನೆರಳು ಒಂದೇ ಸೆಲ್ ಮೇಲೆ ಬಿದ್ದರೂ ಇಡೀ ಗುಂಪು, ಅಂದರೆ ಮೂರನೇ ಒಂದು ಪಾಲು ಹೋಯಿತು. ಬಗ್ಗುವ, ಅಂಟಿಸುವ ಪ್ಯಾನೆಲ್ ಬೇಡ, ಕಾದು ಹಾಳಾಗುತ್ತವೆ. ಗಟ್ಟಿ ಪ್ಯಾನೆಲ್ ಹಾಕಿ, ಕೆಳಗೆ ಎರಡು ಇಂಚು ಸಂದು ಬಿಡಿ. ಪ್ಯಾನೆಲ್ಲೂ ತಣ್ಣಗಿರುತ್ತದೆ, ಮಾಡಿಗೆ ನೆರಳೂ ಆಗುತ್ತದೆ. ಓರೆ ಮಾಡುವ ಸ್ಟ್ಯಾಂಡ್ ನಮ್ಮೂರಿಗೆ ಅನಗತ್ಯ. ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ಮಧ್ಯಕ್ಕೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ.

400 ವ್ಯಾಟ್ ಅಂತ ಬರೆದಿರುವುದು 25 ಡಿಗ್ರಿಯಲ್ಲಿ ಅಳೆದದ್ದು. ಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟಿದರೆ ಶೇ 12ರ ಹತ್ತಿರ ಕಡಿಮೆಯಾಗುತ್ತದೆ, ಧೂಳು ಬೇರೆ. ಶೇ 70 ಸಿಕ್ಕರೆ ಖುಷಿಪಡಿ. ಫೆಬ್ರವರಿಯ ಹಂಪಿಯಲ್ಲಿ ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಅಂತ ಲೆಕ್ಕ ಹಾಕಿದರೆ 1400 ವ್ಯಾಟ್-ಅವರ್. ಖರ್ಚು ಕಳೆದು ಮಿಗುತ್ತದೆ. ಆದರೆ ನಮ್ಮದು ಪಾವಗಡವೂ ಆಗುಂಬೆಯೂ ಇರುವ ರಾಜ್ಯ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿರುವುದು ಅಲ್ಲಿನ ಒಣ ಆಕಾಶದಿಂದ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ಜುಲೈನಲ್ಲಿ ಅಲ್ಲಿ ಮರದ ಕೆಳಗೆ ನಿಲ್ಲಿಸಿದರೆ ಇದೇ ಪ್ಯಾನೆಲ್‌ಗಳು ಒಂದಿನ್ನೂರು ವ್ಯಾಟ್-ಅವರ್ ಕೊಟ್ಟರೆ ಹೆಚ್ಚು. ಇನ್ನೆರಡು ಪ್ಯಾನೆಲ್ ಸೇರಿಸಿದರೂ ಕತೆ ಅದೇ.

ಅದಕ್ಕೇ ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ (ಎಂಜಿನ್ ತಿರುಗಿಸುವ ಜನರೇಟರ್) ಕರೆಂಟ್ ತೆಗೆದು ಟ್ರೈಲರ್ ಬ್ಯಾಟರಿಗೆ ತುಂಬುತ್ತದೆ. 30 ಆಂಪ್‌ನದ್ದು ಗಂಟೆಗೆ ಸುಮಾರು 400 ವ್ಯಾಟ್-ಅವರ್ ಕೊಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಟ್ರೈಲರ್ ಎಳೆದುಕೊಂಡು ಹೋಗುವಷ್ಟರಲ್ಲಿ ಒಂದು ದಿನದ ಖರ್ಚು ಹತ್ತಿರ ಹತ್ತಿರ ವಾಪಸ್. ಮಳೆ ಇರಲಿ, ರಾತ್ರಿ ಇರಲಿ. ನೇರವಾಗಿ ವೈರ್ ಎಳೆದುಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಈಗಿನ ಬಿಎಸ್-6 ಗಾಡಿಗಳಲ್ಲಿ ಹಲವದರ ಆಲ್ಟರ್ನೇಟರ್ ವೋಲ್ಟೇಜನ್ನು ಏರಿಳಿಸುತ್ತಲೂ ಇರುತ್ತದೆ, ಅದನ್ನು ಸರಿದೂಗಿಸಲೂ ಈ ಚಾರ್ಜರ್ ಬೇಕು.

ಇಲ್ಲಿ ವೈರಿಗೆ ಜಿಪುಣತನ ಬೇಡ. ಎಸ್‌ಯುವಿಯ ಮುಂಭಾಗದ ಬ್ಯಾಟರಿಯಿಂದ ಟ್ರೈಲರ್‌ವರೆಗೆ 6 ಮೀಟರ್ ಅಂದುಕೊಳ್ಳಿ. 30 ಆಂಪ್‌ಗೆ 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಹೋಗಿಬರುವಷ್ಟರಲ್ಲಿ ಒಂದೂವರೆ ವೋಲ್ಟ್ ಮೇಲೆ ಬಿದ್ದುಹೋಗುತ್ತದೆ. 16 ಹಾಕಿದರೆ ಅರ್ಧ ವೋಲ್ಟ್‌ಗಿಂತ ಕಡಿಮೆ. ಕೊಂಡಿಯ ಹತ್ತಿರ 50 ಆಂಪ್‌ನ ಆಂಡರ್ಸನ್ ಕನೆಕ್ಟರ್ (ಜಾಸ್ತಿ ಕರೆಂಟ್ ತಾಳುವ, ಕಳಚಬಹುದಾದ ಪ್ಲಗ್) ಹಾಕಿಸಿ. ಎರಡೂ ಬ್ಯಾಟರಿಗಳ ಪ್ಲಸ್ ತುದಿಗೆ ಆದಷ್ಟು ಹತ್ತಿರ ಒಂದೊಂದು ಫ್ಯೂಸ್ ಇರಲೇಬೇಕು. ಫ್ಯೂಸ್ ಬದಲು ಮನೆಯ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ತಂದು ಹಾಕುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅದು ಎಸಿಗೆ ಮಾಡಿದ್ದು. ಡಿಸಿಯ ಕಿಡಿಯನ್ನು ಅದು ಖಾತ್ರಿಯಾಗಿ ತುಂಡರಿಸುವುದಿಲ್ಲ, ಡಿಸಿ ಎಂದೇ ಬರೆದಿರುವುದನ್ನು ಕೇಳಿ ತಗೊಳ್ಳಿ.

ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಸೋಲಾರ್ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ (ಪ್ಯಾನೆಲ್‌ನ ಪೂರ್ತಿ ಶಕ್ತಿ ಹಿಂಡುವ) ಬಗೆಯದ್ದೇ ಇರಲಿ, 30 ಆಂಪ್. ಅಗ್ಗದ ಪಿಡಬ್ಲ್ಯುಎಂ ಬಗೆಯದ್ದು 18 ವೋಲ್ಟ್ ಪ್ಯಾನೆಲನ್ನು ಬ್ಯಾಟರಿಯ 13ಕ್ಕೆ ಇಳಿಸಿ ಕಾಲು ಭಾಗ ಕಳೆದುಬಿಡುತ್ತದೆ. ದುಡ್ಡು ಸಾಲದಿದ್ದರೆ ಸದ್ಯಕ್ಕೆ ಒಂದೇ ಪ್ಯಾನೆಲ್ ಹಾಕಿಸಿ, ಎರಡನೆಯದಕ್ಕೆ ಮಾಡಿನ ಮೇಲೆ ಜಾಗ, ವೈರು ಬಿಟ್ಟಿರಿ. ಬ್ಯಾಟರಿ, ಡಿಸಿ-ಡಿಸಿ ಚಾರ್ಜರ್, ಫ್ಯೂಸ್ ಮಾತ್ರ ಮುಂದೂಡಬೇಡಿ. ಫ್ರಿಡ್ಜ್ ಇನ್ನೂ ತಗೊಂಡಿಲ್ಲವಾದರೆ ಎಷ್ಟು ಲೀಟರ್, ಯಾವ ಮಾಡೆಲ್ ನೋಡುತ್ತಿದ್ದೀರಿ ಹೇಳಿ. 60 ಲೀಟರ್‌ನದ್ದಾದರೆ ಮೇಲಿನ ಲೆಕ್ಕ ಬದಲಾಗುತ್ತದೆ.