ಕಾರ್ಖಾನೆ ಮ್ಯಾನೇಜರುಗಳಿಗೆ ಮಾಲಿನ್ಯ ಕಡಿಮೆ ಮಾಡುವ ಮನಸ್ಸು ಬರಿಸೋದು ಹೇಗೆ?

ಸುಮ್ನೆ ಭಾಷಣ ಮಾಡಿದರೆ ಆಗಲ್ಲ. ಬೋನಸ್ಸು ಉತ್ಪಾದನೆಯ ಟನ್ ಲೆಕ್ಕಕ್ಕೆ ಮಾತ್ರ ಸಿಗುವಾಗ ಕೊಳೆನೀರಿನ ಚಿಂತೆ ಯಾರಿಗೆ ಬೇಕು, ಅಲ್ವಾ? ನೀರು, ಉಗಿ, ತ್ಯಾಜ್ಯದ ಖರ್ಚನ್ನು ಆಯಾ ವಿಭಾಗದ ಲೆಕ್ಕಕ್ಕೇ ಬರೆಯಿರಿ.

ಮಂಡ್ಯ ಕಡೆ ಸಕ್ಕರೆ ಕಾರ್ಖಾನೆ ಕಂಡವರಿಗೆ ತ್ಯಾಜ್ಯವೂ ದುಡ್ಡಾಗುತ್ತೆ ಅನ್ನೋದು ಹೊಸದಲ್ಲ: ಕಬ್ಬಿನ ಸಿಪ್ಪೆ ಬಾಯ್ಲರಿಗೆ ಹೋಗಿ ಕರೆಂಟ್ ಆಗುತ್ತದೆ, ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ ಗೊಬ್ಬರವಾಗುತ್ತದೆ, ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕಪ್ಪು ನೀರಿನಿಂದಲೂ ಗ್ಯಾಸ್ ತೆಗೆಯಬಹುದು. ಅದನ್ನೇ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಊರವರು ಗೇಟಿಗೆ ಬರುತ್ತಾರೆ.

ಅಮೆರಿಕದ ತ್ರೀಎಂ ಕಂಪನಿ 1975ರಲ್ಲೇ 'ಮಾಲಿನ್ಯ ತಡೆದರೆ ಲಾಭ' ಅನ್ನೋ ಕಾರ್ಯಕ್ರಮ ಶುರುಮಾಡಿ ನೌಕರರಿಂದಲೇ ಉಪಾಯ ಕೇಳಿತು. ಸ್ವಲ್ಪ ಹೆದರಿಕೆಯೂ ಇರಲಿ: ನಮ್ಮ ದೇಶದ 1974ರ ಜಲ ಮಾಲಿನ್ಯ ತಡೆ ಕಾಯ್ದೆಯಡಿ ಕಂಪನಿ ತಪ್ಪಿದರೆ ಹೊಣೆ ಹೊತ್ತ ಅಧಿಕಾರಿಯೂ ಸಿಕ್ಕಿಬೀಳಬಹುದು.