ನಿವೃತ್ತ ಸೇನಾಧಿಕಾರಿ ಚುನಾವಣೆಗೆ ನಿಂತರೆ ಜನರ ಗೌರವ ಮತವಾಗುತ್ತದೆಯೇ?

ಆಗಲೇಬೇಕು ಅಂತೇನಿಲ್ಲ. ಸೇವೆಯಲ್ಲಿರುವಾಗ ನಿಲ್ಲುವಂತಿಲ್ಲ, ನಿವೃತ್ತಿಯಾದ ಮೇಲೆ ಅಡ್ಡಿಯಿಲ್ಲ. ಆದರೆ ಗೆಲ್ಲೋದು ಬೇರೆ ಮಾತು.

ನಮ್ಮ ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಸೇನೆಯ ಹೊಣೆ ವಹಿಸಿಕೊಂಡ ಮೊದಲ ಭಾರತೀಯ ಅವರು, ಆ ದಿನವನ್ನೇ ಈಗಲೂ ಸೇನಾ ದಿನ ಅಂತ ಆಚರಿಸುತ್ತೇವೆ. ಅಷ್ಟು ದೊಡ್ಡ ಹೆಸರಿದ್ದೂ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಇಂದಿರಾ ಅಲೆ ಜೋರಾಗಿದ್ದ ವರ್ಷ ಅದು.

2014ರಲ್ಲಿ ಸೇನಾ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಜನರಲ್ ವಿ.ಕೆ. ಸಿಂಗ್ ಗಾಜಿಯಾಬಾದ್‌ನಲ್ಲಿ 5 ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಿಂದ ಗೆದ್ದರು. ಅಲ್ಲಿ ಅಲೆ ಅವರ ಕಡೆಗಿತ್ತು, ಚೀಟಿ ಹಂಚಿ ಮತದಾರರನ್ನು ಬೂತಿಗೆ ಕರೆತರೋ ಪಕ್ಷವೂ ಬೆನ್ನಿಗಿತ್ತು. ನನ್ನ ಪ್ರಕಾರ ವ್ಯತ್ಯಾಸ ಅದೇ. ಆದರೂ ಇಂಥವರು ನಿಲ್ಲಲಿ ಅಂತಲೇ ನನ್ನಾಸೆ, ಯೂನಿಫಾರ್ಮ್ ಫೋಟೋ ಬ್ಯಾನರಿಗೆ ಹಾಕದಿದ್ದರೆ ಸಾಕು.