ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೋಗಲು ಆರು ದಿನ ಸಾಕೇ?

ದಿನಕ್ಕೆ ಎಂಬತ್ತು ಕಿಲೋಮೀಟರ್ ತುಳಿಯುವ ಅಭ್ಯಾಸವಿದೆ, ಮನಾಲಿಯಿಂದ ಲೇಹ್‌ಗೆ ಆರು ದಿನ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ನಿಮ್ಮ ಕಾಲಿನ ಕಸುವಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ದಾರಿಯಲ್ಲಿ ಹಗಲು ಎಷ್ಟು ದೂರ ತುಳಿದಿರಿ ಎನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಮೊದಲು ನಕ್ಷೆಯಲ್ಲಿ ಮಲಗುವ ಜಾಗಗಳನ್ನು ಗುರುತು ಹಾಕಿಕೊಳ್ಳಿ, ದೂರದ ಲೆಕ್ಕ ಆಮೇಲೆ.

ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. 3,978 ಮೀಟರಿನ ರೋಹ್ತಾಂಗ್ ಪಾಸ್ (ಬೆಟ್ಟಸಾಲು ದಾಟುವ ದಾರಿ) ಏರಿ ಲಾಹೌಲ್ ಕಣಿವೆಯ ಕಡೆಗೆ ಇಳಿದರೆ ಕೇಲಾಂಗ್, ಜಿಸ್ಪಾ ಮತ್ತೆ 3,200ರ ಆಸುಪಾಸಿನಲ್ಲೇ ಸಿಗುತ್ತವೆ. ಇಲ್ಲಿಯವರೆಗೆ ಅಷ್ಟೇನೂ ಕಷ್ಟವಿಲ್ಲ. ಎಡವುವುದು ಇದರ ಮುಂದೆ. ಆತುರದವರು ಜಿಸ್ಪಾ ಬಿಟ್ಟು, ಸುಮಾರು 4,900 ಮೀಟರಿನ ಬಾರಾಲಾಚಾ ಪಾಸ್ ದಾಟಿ, ಅದೇ ರಾತ್ರಿ ಸರ್ಚುವಿನಲ್ಲಿ ಮಲಗಲು ನೋಡುತ್ತಾರೆ. ಸರ್ಚುವಿನ ಎತ್ತರ ಹೆಚ್ಚುಕಡಿಮೆ 4,300 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎನ್ನುವುದು ವೈದ್ಯರ ಸಲಹೆ. ಇವರು ಒಂದೇ ರಾತ್ರಿಗೆ ಅದರ ಎರಡು ಪಟ್ಟು ಏರಿರುತ್ತಾರೆ.

ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆಗೆ ನಂಬಬಹುದಾದ ಮದ್ದು ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ಇಳಿಯುವುದಾದರೂ ಎಲ್ಲಿಗೆ? ಹಿಂದೆ ಬಾರಾಲಾಚಾ, ಮುಂದೆ 5,000 ಮೀಟರ್ ಮೀರುವ ಲಾಚುಲುಂಗ್ ಲಾ (ಲಾ ಎಂದರೆ ಪಾಸ್). ಇಳಿಯಲು ಮೊದಲು ಏರಲೇಬೇಕು. ಅಲ್ಲಿನ ಡೇರೆಯೊಂದರಲ್ಲಿ ನಡುರಾತ್ರಿ ಜೊತೆಗಾರನೊಬ್ಬ ಷೂ ಲೇಸನ್ನು ಬೆರಳಲ್ಲಿ ಹಿಡಿದು, ಗಂಟು ಹಾಕುವುದು ಹೇಗೆಂದು ತೋಚದೆ ಸುಮ್ಮನೆ ಕುಳಿತಿದ್ದ. ಎಬ್ಬಿಸಿ ನಡೆಸಿದರೆ ನೆಟ್ಟಗೆ ಹೆಜ್ಜೆ ಇಡಲಾಗುತ್ತಿರಲಿಲ್ಲ; ಕಾಯಿಲೆ ಮಿದುಳಿಗೆ ತಟ್ಟಿದ ಲಕ್ಷಣವಿದು. ಸಿಕ್ಕ ಮೊದಲ ವಾಹನದಲ್ಲಿ ಅವನನ್ನು ಕೇಲಾಂಗ್ ಕಡೆಗೆ ಇಳಿಸಿದೆವು. ನಮ್ಮ ಗುಂಪಿನಲ್ಲಿ ಅವನಷ್ಟು ಗಟ್ಟಿಯಾಗಿ ಪೆಡಲ್ ತುಳಿಯುವವರು ಬೇರೆ ಯಾರೂ ಇರಲಿಲ್ಲ.

ಹಾಗಾಗಿ ನನ್ನ ಸಲಹೆ: ಜಿಸ್ಪಾದಲ್ಲಿ ಎರಡು ರಾತ್ರಿ ಇರಿ. ಮುಂದಿನ ರಾತ್ರಿ ಪತ್ಸಿಯೋದಲ್ಲಿ, ಅಂದರೆ 3,800ರ ಸುಮಾರಿಗೆ. ಆಮೇಲೆ ಬಾರಾಲಾಚಾದ ಬುಡದ ಜಿಂಗ್‌ಜಿಂಗ್‌ಬಾರ್. ಸ್ವಂತ ಡೇರೆ ಇದ್ದರೆ ಈ ಸಣ್ಣ ಹಂತಗಳು ಸಾಧ್ಯ, ಅದರ ಭಾರಕ್ಕೆ ಅಂಜಬೇಡಿ. ಬಾರಾಲಾಚಾ ಏರುವ ದಿನ ಬೆಳಕು ಹರಿಯುತ್ತಲೇ ಹೊರಡಿ. ಬಿಸಿಲೇರಿದಂತೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ, ಬೆಳಿಗ್ಗೆ ಪಾದ ನೆನೆಸುತ್ತಿದ್ದ ತೊರೆ ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟುತ್ತದೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಲ್ಲೇ ವೈದ್ಯರ ಬಳಿ ಕೇಳಿಕೊಳ್ಳಿ.

ಸರ್ಚು ದಾಟಿದ ಮೇಲೆ ಸಿಗುವ ಗಾಟಾ ಲೂಪ್ಸ್ ಏರಿನ 21 ತಿರುವುಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಏರು ಅಷ್ಟು ಕಡಿದಲ್ಲ, ಸಣ್ಣ ಗೇರಿನಲ್ಲಿ ಒಂದೇ ಲಯದಲ್ಲಿ ಹೋದರೆ ದಾಟುತ್ತೀರಿ. ನನ್ನನ್ನು ಹೆಚ್ಚು ದಣಿಸಿದ್ದು ಪಾಂಗ್ ನಂತರದ ಮೋರೆ ಬಯಲು. ಸಪಾಟು ನೆಲವೇನೋ ಹೌದು, ಆದರೆ ಮಧ್ಯಾಹ್ನದ ಎದುರುಗಾಳಿಗೆ ಅಲ್ಲೊಂದು ಮರೆಯೂ ಇಲ್ಲ. ಅದನ್ನೂ ಬೆಳಿಗ್ಗೆಯೇ ಮುಗಿಸಿ. ಕೊನೆಯ ದೊಡ್ಡ ಏರು ತಂಗ್ಲಾಂಗ್ ಲಾ, 5,328 ಮೀಟರ್. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ನೂರು ಮೀಟರಿಗೊಮ್ಮೆ ನಿಂತರೂ ಅವಮಾನವೇನಿಲ್ಲ.

ಸೈಕಲ್ಲಿನ ಮಟ್ಟಿಗೆ, ಮುಂದಿನ ಸಣ್ಣ ಹಲ್ಲುಚಕ್ರ ಹಿಂದಿನ ದೊಡ್ಡದಕ್ಕಿಂತ ಚಿಕ್ಕದಾಗಿರಲಿ. ಬ್ರೇಕ್ ಪ್ಯಾಡ್, ಸ್ಪೋಕ್, ಚೈನ್ ಲಿಂಕ್ ಹೆಚ್ಚುವರಿಯಾಗಿ ಒಯ್ಯಿರಿ. ಕೇಲಾಂಗ್‌ನಲ್ಲೇ ನಗದು ತೆಗೆದುಕೊಳ್ಳಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲ ನನಗೆ ಹಿಡಿಸುತ್ತದೆ: ಮನಾಲಿ ಕಡೆಯ ಮಳೆ ತಗ್ಗುತ್ತಿರುತ್ತದೆ, ದಾರಿಬದಿಯ ಢಾಬಾಗಳು ಇನ್ನೂ ಗಂಟುಮೂಟೆ ಕಟ್ಟಿರುವುದಿಲ್ಲ.

ಒಟ್ಟು ಹನ್ನೆರಡು ದಿನವಾದರೂ ಇಟ್ಟುಕೊಳ್ಳಿ. ರಜೆ ಆರೇ ದಿನ ಎಂದಾದರೆ ಲೇಹ್ ಬಿಟ್ಟುಬಿಡಿ. ಮನಾಲಿಯಿಂದ ಜಿಸ್ಪಾವರೆಗೆ ಹೋಗಿ, ಸಾಮಾನು ಅಲ್ಲೇ ಇರಿಸಿ, ಖಾಲಿ ಸೈಕಲ್ಲಿನಲ್ಲಿ ದೀಪಕ್ ತಾಲ್ ಕೆರೆ ನೋಡಿಕೊಂಡು ಬಂದು ಅದೇ ದಾರಿಯಲ್ಲಿ ಮರಳಿ. ಭಾಗಾ ನದಿಯ ದಂಡೆಯ ಆ ರಸ್ತೆಯೊಂದೇ ನಿಮ್ಮ ರಜೆಗೆ ತಕ್ಕದ್ದು.